ಪಾಸ್‌ವರ್ಡ್ ತಪ್ಪಿಲ್ಲ ಸ್ವಾಮಿ, ಶೆಲ್ ನೋಡಿ!

ತುಂಬಾ ದಿನಗಳಿಂದ ಈ ಕಡೆ ತಲೆ ಹಾಕಿರಲಿಲ್ಲ. ಕೆಲಸ ಅನ್ನೋದು ನೆಪ, ನಿಜ ಹೇಳಬೇಕಂದ್ರೆ ಸೋಮಾರಿತನ. ಇವತ್ತು ಬರೆಯೋದಕ್ಕೆ ಕಾರಣ ಸಿಟ್ಟು. ಅದರಲ್ಲಿ ಅರ್ಧ ನನ್ನ ಮೇಲೇ ಅಂತ ಮೊದಲೇ ಹೇಳಿಬಿಡ್ತೀನಿ.

ನಾನು ಹಿಂದೆ ಇದ್ದ ಕಂಪನಿಗೆ ಒಂದು ಸೋಮವಾರ 8 ಜನ ಫ್ರೆಶರ್ಸ್ ಸೇರಿದರು. ಎಲ್ಲರಿಗೂ ಲಿನಕ್ಸ್ ಸರ್ವರಿನಲ್ಲಿ ಒಂದೊಂದು ಅಕೌಂಟ್. ಮಧ್ಯಾಹ್ನದ ಹೊತ್ತಿಗೆ ದೂರು ಶುರು: ಲಾಗಿನ್ ಆಗ್ತಿಲ್ಲ. ಟಿಕೆಟ್‌ಗಳು ನಮ್ಮ ಮೂವರಿಗೆ ಹಂಚಿಹೋಗಿದ್ದರಿಂದ ಯಾರಿಗೂ ಪೂರ್ತಿ ಚಿತ್ರ ಕಾಣಲಿಲ್ಲ. ನನ್ನ ಪಾಲಿಗೆ ಬಂದವಳು ಊರಿಂದ ಹಿಂದಿನ ದಿನವಷ್ಟೇ ಬೆಂಗಳೂರಿಗೆ ಬಂದಿಳಿದಿದ್ದ ಹುಡುಗಿ. ಪಾಸ್‌ವರ್ಡ್ ರೀಸೆಟ್ ಮಾಡಿಕೊಟ್ಟೆ. ಆಗಲಿಲ್ಲ. ಮತ್ತೆ ಮಾಡಿದೆ. ಆಗಲಿಲ್ಲ. ಮೂರನೇ ಸಲ ಅವಳು ಚೀಟಿಯಲ್ಲಿ ಒಂದೊಂದೇ ಅಕ್ಷರ ಬರೆದುಕೊಂಡು, ಬೆರಳಿಟ್ಟು ನೋಡಿ ಟೈಪ್ ಮಾಡಿದಳು. "ಸರ್, ನಾನು ಸರಿಯಾಗೇ ಹೊಡೀತಿದೀನಿ ಸರ್" ಅಂದಾಗ ದನಿ ನಡುಗುತ್ತಿತ್ತು. ಹಿಂದೆ ನಿಂತಿದ್ದ ಮ್ಯಾನೇಜರ್ ಸಾಹೇಬರು ಎಲ್ಲರಿಗೂ ಕೇಳುವ ಹಾಗೆ, "ಪಾಸ್‌ವರ್ಡ್ ಟೈಪ್ ಮಾಡೋದಕ್ಕೂ ಟ್ರೈನಿಂಗ್ ಕೊಡಬೇಕೇನ್ರೀ ಈಗಿನವರಿಗೆ?" ಅಂದರು. ಒಂದಿಬ್ಬರು ನಕ್ಕರು. ನಾನೂ ನಕ್ಕೆ.

ಅವಳು ಹೇಳಿದ್ದು ನೂರಕ್ಕೆ ನೂರು ನಿಜ. ಪಾಸ್‌ವರ್ಡ್ ಸರಿ ಇತ್ತು. ತಪ್ಪಿದ್ದದ್ದು ಅವಳ ಲಾಗಿನ್ ಶೆಲ್.

ಗೊತ್ತಿಲ್ಲದವರಿಗೆ ಎರಡು ಮಾತು. ಯುನಿಕ್ಸ್‌ನಲ್ಲಿ ನೀವು ಕಮಾಂಡ್ ಕೊಡೋದು ಶೆಲ್ ಎಂಬ ಪ್ರೋಗ್ರಾಮಿಗೆ. ಇದು ಕರ್ನಲ್ಲಿನ ಭಾಗ ಅಲ್ಲ, ಬೇರೆಲ್ಲದರ ಹಾಗೆ ಡಿಸ್ಕಿನಲ್ಲಿರೋ ಇನ್ನೊಂದು ಫೈಲು. 1979ರಲ್ಲಿ ಬೋರ್ನ್ ಶೆಲ್ ಬಂತು, 1989ರಲ್ಲಿ ಬ್ಯಾಶ್ ಬಂತು. ಯಾರಿಗೆ ಯಾವ ಶೆಲ್ ಅನ್ನೋದು ಇಟಿಸಿ ಡೈರೆಕ್ಟರಿಯ ಪಾಸ್‌ವರ್ಡ್ ಫೈಲಿನಲ್ಲಿ ಬರೆದಿರುತ್ತೆ. ಒಬ್ಬರಿಗೆ ಒಂದು ಸಾಲು, ಸಾಲಿಗೆ ಏಳು ಕಾಲಂ, ನಡುವೆ ಕೋಲನ್ ಚಿಹ್ನೆ. ಏಳನೆಯದೇ ಶೆಲ್. ಅಲ್ಲಿ ಬರೆದ ಫೈಲು ಡಿಸ್ಕಿನಲ್ಲಿ ಇಲ್ಲದಿದ್ದರೆ ಬಾಗಿಲು ಬಂದ್!

ಈಗ ಮಜಾ ನೋಡಿ. ಎಸ್‌ಎಸ್‌ಎಚ್‌ನಲ್ಲಿ ಬಂದವರಿಗೆ "ನಿಮ್ಮ ಶೆಲ್ ಇಲ್ಲ" ಅಂತ ಸರ್ವರ್ ಹೇಳೋದಿಲ್ಲ. ಪಾಸ್‌ವರ್ಡ್ ಕೇಳುತ್ತೆ, ಸರಿಯಾದ್ದನ್ನೇ ಕೊಟ್ಟರೂ "ಪರ್ಮಿಷನ್ ಡಿನೈಡ್, ಪ್ಲೀಸ್ ಟ್ರೈ ಎಗೇನ್" ಅನ್ನುತ್ತೆ. ಇದು ಬಗ್ ಅಲ್ಲ, ಬೇಕಂತಲೇ ಹಾಗಿಟ್ಟಿದ್ದಾರೆ. ಯಾವ ಅಕೌಂಟ್ ಇದೆ, ಯಾವುದು ಮುಚ್ಚಿದೆ ಅಂತ ಹೊರಗಿನ ಕಳ್ಳನಿಗೆ ಗೊತ್ತಾಗಬಾರದು ಅಂತ. ಆದರೆ ಅದೇ ಹೊತ್ತಿಗೆ ಸರ್ವರಿನ ಲಾಗ್‌ನಲ್ಲಿ, ಇಂಥವರನ್ನು ಬಿಟ್ಟಿಲ್ಲ, ಕಾರಣ ಇಂಥ ಶೆಲ್ ಇಲ್ಲ ಅಂತ ಸ್ಪಷ್ಟವಾಗಿ ಬರೆದಿಡುತ್ತೆ. ಡೆಬಿಯನ್ ಕಡೆಯವರಿಗೆ ಆಥ್ ಲಾಗ್, ರೆಡ್ ಹ್ಯಾಟ್ ಕಡೆಯವರಿಗೆ ಸೆಕ್ಯೂರ್ ಲಾಗ್, ಇಲ್ಲಾಂದ್ರೆ ಜರ್ನಲ್.

ನನ್ನ ಜಗಳ ಇರೋದು ಇಲ್ಲೇ. ಸಿಸ್ಟಂ ಬಳಕೆದಾರರಿಗೆ ಬೇಕಂತಲೇ ಅರ್ಧಸತ್ಯ ಹೇಳುತ್ತೆ, ಅಡ್ಮಿನ್‌ಗೆ ಪೂರ್ತಿ ಸತ್ಯ ಹೇಳುತ್ತೆ. ಅಂದಮೇಲೆ ಆ ಲಾಗ್ ಓದೋದು ಯಾರ ಕೆಲಸ? ಓದುವ ಹಕ್ಕೇ ಇಲ್ಲದ ಆ ಹುಡುಗಿಯದಾ? ರೂಟ್ ಪಾಸ್‌ವರ್ಡ್ ಇಟ್ಟುಕೊಂಡು ಕೂತ ನಾವು ಅದನ್ನು ನೋಡದೆ ರೀಸೆಟ್ ಬಟನ್ ಒತ್ತುತ್ತಾ ಕೂರೋದು ಟ್ರಬಲ್‌ಶೂಟಿಂಗ್ ಅಲ್ಲ, ಮಂತ್ರ ಹಾಕಿ ತಾಯಿತ ಕಟ್ಟೋ ಕೆಲಸ. ತಾಯಿತ ಫಲಿಸದಿದ್ದರೆ ಭಕ್ತಿ ಸಾಲದು ಅನ್ನೋದೂ ಥೇಟ್ ಹಾಗೇ.

"ಬಹಳ ಸಲ ಪಾಸ್‌ವರ್ಡೇ ತಪ್ಪಿರುತ್ತೆ ಮಾರಾಯಾ" ಅಂತೀರಿ. ಒಪ್ಪಿದೆ. ಹಾಗಿದ್ದರೂ ಅದು ಲಾಗ್‌ನಲ್ಲಿ ಇರುತ್ತಲ್ಲ? ನೋಡೋದಕ್ಕೆ ಒಂದು ನಿಮಿಷ. ಇನ್ನೂ ಸುಲಭದ ಪರೀಕ್ಷೆ ಬೇಕಾ? ರೂಟ್ ಆಗಿ ಆ ಬಳಕೆದಾರರ ಹೆಸರಿಗೆ "ಎಸ್‌ಯು" ಹೊಡೆಯಿರಿ. ರೂಟ್‌ಗೆ ಪಾಸ್‌ವರ್ಡ್ ಕೇಳೋದಿಲ್ಲ. ಆದರೂ ಒಳಗೆ ಹೋಗೋಕೆ ಆಗಲಿಲ್ಲ ಅಂದ್ರೆ ಪಾಸ್‌ವರ್ಡ್ ನಿರಪರಾಧಿ, ಅಲ್ಲಿಗೆ ಕೇಸ್ ಖುಲಾಸೆ.

ಶೆಲ್ ಕೆಡೋದಕ್ಕೆ ದಾರಿ ಒಂದೆರಡಲ್ಲ. "ಕ್ಲೀನಪ್" ಅಂತ ಯಾರೋ ಝಡ್‌ಶೆಲ್ ಪ್ಯಾಕೇಜ್ ತೆಗೆದುಹಾಕಿರ್ತಾರೆ, ಏಳನೇ ಕಾಲಂನಲ್ಲಿ ಅದರ ಹೆಸರು ಹಾಗೇ ಇರುತ್ತೆ. ಲಿನಕ್ಸಿನ ಅಭ್ಯಾಸದಲ್ಲಿ ಫ್ರೀಬಿಎಸ್‌ಡಿಯಲ್ಲೂ /ಬಿನ್/ಬ್ಯಾಶ್ ಅಂತ ಬರೆದಿರ್ತಾರೆ, ಅಲ್ಲಿ ಬ್ಯಾಶ್ ಇರೋದು /ಯುಎಸ್‌ಆರ್/ಲೋಕಲ್/ಬಿನ್ ಒಳಗೆ. ಶೆಲ್ ಜಾಗದಲ್ಲಿ "ನೋಲಾಗಿನ್" ಇದ್ದರೆ ಅಕೌಂಟ್ ಸದ್ಯ ಲಭ್ಯವಿಲ್ಲ ಅಂತ ಹೇಳಿ ಹೊರಗೆ ಕಳಿಸುತ್ತೆ, "ಫಾಲ್ಸ್" ಇದ್ದರೆ ಅದನ್ನೂ ಹೇಳೋದಿಲ್ಲ. ಶೆಲ್ ಸರಿಯಿದ್ದೂ ಬ್ಯಾಶ್ ಪ್ರೊಫೈಲ್ ಫೈಲಿನಲ್ಲಿ ಒಂದು "ಎಕ್ಸಿಟ್" ಸೇರಿಕೊಂಡರೆ ಒಳಗೆ ಬಂದವರು ತಕ್ಷಣ ಆಚೆ. ಆಗ ಪೂರ್ತಿ ಲಾಗಿನ್ ಆಗೋ ಬದಲು ಎಸ್‌ಎಸ್‌ಎಚ್ ಜೊತೆಗೇ ಒಂದೇ ಕಮಾಂಡ್ ಕಳಿಸಿ ಆ ಫೈಲಿನ ಹೆಸರು ಬದಲಿಸಿದರೆ ಮುಗೀತು.

ನಮ್ಮ ಕಥೆಯಲ್ಲಿ ಆಗಿದ್ದೇನು? ಸಂಜೆ ಐದೂವರೆಗೆ ಕೊನೆಗೂ ಲಾಗ್ ತೆಗೆದೆ. ಬ್ಯಾಶ್ ಶೆಲ್ ಇಲ್ಲ ಅಂತಿದೆ! ಅದೇ ಬ್ಯಾಶ್‌ನಲ್ಲಿ ಕೂತು ನಾನು ಲಾಗ್ ಓದ್ತಿದೀನಿ! ಪಾಸ್‌ವರ್ಡ್ ಫೈಲು ನೋಡಿದರೆ ಏಳನೇ ಕಾಲಂ ಕಣ್ಣಿಗೆ ಸರಿಯಾಗೇ ಇದೆ. ಕ್ಯಾಟ್ ಕಮಾಂಡಿಗೆ ದೊಡ್ಡ "ಎ" ಆಪ್ಷನ್ ಕೊಟ್ಟು ನೋಡಿದಾಗ ಬ್ಯಾಶ್ ಪಕ್ಕದಲ್ಲಿ ಕ್ಯಾರೆಟ್ ಚಿಹ್ನೆ, ಒಂದು "ಎಂ". ಹೊಸಬರ ಪಟ್ಟಿಯನ್ನು ಯಾರೋ ವಿಂಡೋಸ್‌ನಲ್ಲಿ ಸೇವ್ ಮಾಡಿದ್ದರು. ವಿಂಡೋಸ್ ಸಾಲು ಮುಗಿಸೋದಕ್ಕೆ ಎರಡು ಅಕ್ಷರ ಹಾಕುತ್ತೆ, ಯುನಿಕ್ಸ್‌ಗೆ ಒಂದೇ ಸಾಕು. ಹೆಚ್ಚಾದ ಆ ಕ್ಯಾರೇಜ್ ರಿಟರ್ನ್ ಕೊನೆಯ ಕಾಲಂಗೆ, ಅಂದರೆ ಶೆಲ್ ಹೆಸರಿಗೆ, ಅಂಟಿಕೊಂಡು ಎಂಟೂ ಅಕೌಂಟ್‌ಗೆ ಹೋಗಿತ್ತು.

ಕಾಣದ ಅಕ್ಷರದ ಕಾಟ ಯುನಿಕೋಡ್ ಕನ್ನಡದಲ್ಲಿ ಬರೆಯೋ ನಮಗೇನು ಹೊಸದಾ? "ಸಾಫ್ಟ್‌ವೇರ್" ಅಂತ ಬರೆಯುವಾಗ "ಫ್ಟ್" ಆದಮೇಲೆ ಒಂದು ಕಾಣದ ನಾನ್-ಜಾಯ್ನರ್ ಇಡ್ತೀವಿ. ಇಟ್ಟವರ ಪದ, ಇಡದವರ ಪದ ಕಂಪ್ಯೂಟರಿಗೆ ಬೇರೆ ಬೇರೆ. ಇಷ್ಟು ಗೊತ್ತಿದ್ದೂ ನಾನು ಮೂರು ಸಲ ಅನುಮಾನ ಪಟ್ಟಿದ್ದು ಮನುಷ್ಯರ ಬೆರಳನ್ನೇ.

ಶೆಲ್ ಸರಿಪಡಿಸೋದಕ್ಕೆ ಹಿಡಿದದ್ದು ಐದು ನಿಮಿಷ. ಮರುದಿನ ಬೆಳಿಗ್ಗೆ ಅವಳ ಹತ್ತಿರ ಹೋಗಿ "ತಪ್ಪು ನಮ್ಮದೇಮ್ಮಾ, ನಿಂದಲ್ಲ" ಅಂದೆ. "ಪರವಾಗಿಲ್ಲ ಸರ್" ಅಂದಳು. ಚೀಟಿ ಇನ್ನೂ ಕೀಬೋರ್ಡಿನ ಪಕ್ಕದಲ್ಲೇ ಇತ್ತು. ಹಿಂದಿನ ದಿನ ನಕ್ಕವರ ಎದುರಿಗೆ ಆ ಮಾತು ಹೇಳಬೇಕಿತ್ತು, ಹೇಳಲಿಲ್ಲ.

ಟಿಕೆಟ್ ಮುಚ್ಚುವಾಗ ಕಾರಣ ಆರಿಸೋ ಪಟ್ಟಿ ಬಂತು. "ಬಳಕೆದಾರರ ತಪ್ಪು" ಅಂತ ಇತ್ತು. "ಪಾಸ್‌ವರ್ಡ್ ರೀಸೆಟ್" ಅಂತ ಇತ್ತು. "ಅಡ್ಮಿನ್ ತಪ್ಪು" ಅನ್ನೋದು ಹುಡುಕಿದರೂ ಇರಲಿಲ್ಲ. ನಿಮ್ಮ ಆಫೀಸಿನ ಪಟ್ಟಿಯಲ್ಲಿ ಇದೆಯಾ? ನೋಡಿ ಹೇಳಿ.