ಆಸರೆಯನ್ನು ಹಿಂದೆಗೆಯುವ ಕಲೆ

ಸ್ವಲೀನತೆಯುಳ್ಳ ಮಕ್ಕಳಿಗೆ ಪಾಠವನ್ನು ತುಣುಕುತುಣುಕಾಗಿ ಕಲಿಸುವ ‘ಡಿಸ್ಕ್ರೀಟ್ ಟ್ರಯಲ್’ ಕ್ರಮವನ್ನು ಅಮೆರಿಕೆಯಲ್ಲಿ ಪ್ರಸಿದ್ಧಿಗೆ ತಂದವರು ಲಾಸ್ ಏಂಜಲೀಸಿನ ಮನಶ್ಶಾಸ್ತ್ರಜ್ಞ ಐವರ್ ಲೋವಾಸ್. ಉಪಾಧ್ಯಾಯರು “ಬಟ್ಟಲು ಕೊಡು” ಎಂದು ಒಮ್ಮೆ ಮಾತ್ರ ನುಡಿಯುತ್ತಾರೆ, ಮಗುವಿಗೆ ತಿಳಿಯದಿದ್ದರೆ ಕೈಹಿಡಿದು ತೋರುತ್ತಾರೆ, ಸರಿಯುತ್ತರಕ್ಕೆ ತತ್‌ಕ್ಷಣವೇ ಮೆಚ್ಚುಗೆ, ಅರೆಗಳಿಗೆ ಬಿಡುವು, ಮತ್ತೆ ಮೊದಲಿನಿಂದ. ಮಗ್ಗಿ ಒಪ್ಪಿಸಿ ಬೆಳೆದವರಿಗೆ ಈ ಆವೃತ್ತಿ ಹೊಸತೆನಿಸದು.

ಆದರೆ ಈ ಕ್ರಮದ ಜೀವವಿರುವುದು ಆವೃತ್ತಿಯಲ್ಲಲ್ಲ, ಆಸರೆಯನ್ನು ಹಿಂದೆಗೆಯುವುದರಲ್ಲಿ. ಹಸ್ತವನ್ನು ಹಿಡಿದ ಕೈ ಮೊಣಕೈಗೆ, ಅಲ್ಲಿಂದ ಬರಿಯ ಬೆರಳಸನ್ನೆಗೆ, ಸನ್ನೆಯಿಂದ ಮೌನಕ್ಕೆ ಸರಿಯಬೇಕು. ಸರಿಯದಿದ್ದರೆ ಮಗು ಬಟ್ಟಲನ್ನರಿಯದೆ ಉಪಾಧ್ಯಾಯರ ಕಣ್ಣನ್ನು ಓದಲು ಕಲಿಯುತ್ತದೆ. ಮೇಜಿನೆದುರು ಗುರುತಿಸಿದ ಬಟ್ಟಲನ್ನು ಅಡುಗೆಮನೆಯಲ್ಲಿ ತಾಯಿಗೆ ಎತ್ತಿಕೊಡಲಾರದಿದ್ದರೆ ಆ ಕಲಿಕೆ ಏತಕ್ಕೆ?

ಲೋವಾಸರ 1987ರ ಅಧ್ಯಯನದಲ್ಲಿ ವಾರಕ್ಕೆ 40 ಗಂಟೆ ಕಲಿತ 19 ಮಕ್ಕಳ ಪೈಕಿ 9 ಮಂದಿ ಸಾಮಾನ್ಯ ಶಾಲೆಯ ಮೊದಲ ತರಗತಿಯಲ್ಲಿ ಉತ್ತೀರ್ಣರಾದರು. ಗದರಿಕೆಯೂ ತೊಡೆಯ ಮೇಲಿನ ಪೆಟ್ಟೂ ಆಗ ಆ ಕ್ರಮದಲ್ಲಿ ಸೇರಿದ್ದವು. ಬೋಧಕರು ಅವನ್ನು ಬಹುಮಟ್ಟಿಗೆ ತ್ಯಜಿಸಿರುವುದು ಯುಕ್ತವೇ.

ಇಂದು ಅಲ್ಲಿ ಈ ಕೆಲಸದ ನೋಂದಾಯಿತ ಸಹಾಯಕರಾಗಲು ವಿಧಿಸಿರುವ ಪಾಠದ ಅವಧಿ 40 ಗಂಟೆ. ಅಂದು ಆ ಮಕ್ಕಳು ಒಂದೇ ವಾರದಲ್ಲಿ ಪಡೆದಷ್ಟು! ಆಜ್ಞೆ, ಬಹುಮಾನಗಳ ವಿಧಾನ ಅಷ್ಟರಲ್ಲಿ ಕರಗತವಾದೀತು. ಕೈಯನ್ನು ಯಾವಾಗ ತೆಗೆಯಬೇಕೆಂಬ ವಿವೇಕ ಬಾರದು. ಅದನ್ನು ಬಲ್ಲ ಹಿರಿಯರ ಪಕ್ಕದಲ್ಲಿ ಬಹುದಿನ ಕುಳಿತು ನೋಡದವರನ್ನು ಮಗುವಿನೆದುರು ಒಂಟಿಯಾಗಿ ಕೂರಿಸುವುದು ತರವಲ್ಲ.