ಸತ್ಯವೇದದ ಹಳೆಯ ಪ್ರತಿಗಳೂ ನಮ್ಮ ಹೆಣ್ಣುಮಕ್ಕಳೂ

ಸತ್ಯವೇದವನ್ನು ಭಕ್ತಿಯಿಂದ ಓದಿದರೆ ಸಾಕು, ಅದರ ಹಸ್ತಪ್ರತಿಗಳ ವಿಚಾರವನ್ನೂ ಪಾಠಭೇದಗಳ ವಿಚಾರವನ್ನೂ ಹೆಣ್ಣುಮಕ್ಕಳ ಮುಂದೆ ಎತ್ತಬಾರದು, ಎತ್ತಿದರೆ ಅವರ ವಿಶ್ವಾಸವು ಸಡಿಲವಾಗುವುದು ಎಂದು ಕೆಲವು ತಾಯಿತಂದೆಗಳು ಭಾವಿಸುತ್ತಾರೆ. ಈ ಭಯವು ಸದ್ಭಾವದಿಂದ ಹುಟ್ಟಿದ್ದು. ಇದನ್ನು ಹಗುರವಾಗಿ ಎಣಿಸುವುದು ನಮ್ಮ ಉದ್ದೇಶವಲ್ಲ. ಆದರೆ ಇದು ಹೊಸ ಭಯವೇನೂ ಅಲ್ಲ. ವಿಕ್ಟೋರಿಯ ರಾಣಿಯವರ ಕಾಲದ ಇಂಗ್ಲೆಂಡಿನಲ್ಲಿ ಇದು ದೊಡ್ಡ ದನಿಯಲ್ಲಿಯೇ ಕೇಳಿಬಂದಿತ್ತು. ಅದಕ್ಕೆ ತಮ್ಮ ಕೆಲಸದಿಂದಲೇ ಉತ್ತರಕೊಟ್ಟವರಲ್ಲಿ ಇಬ್ಬರು ಹೆಂಗಸರೂ ಇದ್ದರು. ಅವರ ಸಂಗತಿಯನ್ನು ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಪೋಷಕರಿಗೂ ಅರಿಕೆ ಮಾಡಬೇಕೆಂದಿದ್ದೇವೆ.

1881ರಲ್ಲಿ ಇಂಗ್ಲಿಷ್ ಹೊಸ ಒಡಂಬಡಿಕೆಯ ಪರಿಷ್ಕೃತ ಭಾಷಾಂತರವು ಪ್ರಕಟವಾಯಿತು. ಮಾರ್ಕನ ಸುವಾರ್ತೆಯ ಕಡೆಯ ಅಧ್ಯಾಯದಲ್ಲಿ ಎಂಟನೆಯ ವಚನವಾದ ಮೇಲೆ ತೆರಪು ಬಿಟ್ಟು, ಅತಿ ಪ್ರಾಚೀನವಾದ ಎರಡು ಗ್ರೀಕ್ ಪ್ರತಿಗಳಲ್ಲಿ ಮುಂದಿನ ಹನ್ನೆರಡು ವಚನಗಳು ಇಲ್ಲವೆಂದು ಅಂಚಿನಲ್ಲಿ ಸೂಚಿಸಲಾಗಿತ್ತು. ಆ ಎರಡರಲ್ಲಿ ಒಂದು ರೋಮಿನ ವತಿಕಾನದ್ದು. ಇನ್ನೊಂದು ಟಿಶೆಂಡಾರ್ಫ್ ಎಂಬ ಜರ್ಮನ್ ಪಂಡಿತರು 1859ರಲ್ಲಿ ಸೀನಾಯಿ ಬೆಟ್ಟದ ಬುಡದ ಸಂತ ಕಥರೀನಳ ಮಠದಲ್ಲಿ ಕಂಡದ್ದು. ಈ ಹನ್ನೆರಡು ವಚನಗಳ ಪರವಾಗಿ 1871ರಲ್ಲಿಯೇ ಒಂದು ದೊಡ್ಡ ಗ್ರಂಥವನ್ನು ಬರೆದಿದ್ದ ಬರ್ಗನ್ ಎಂಬವರು ಪರಿಷ್ಕಾರಕರ ಮೇಲೆ ಸಿಡಿದೆದ್ದರು. ಬರ್ಗನ್ನರು ಬರಿಯ ಕೂಗಾಟದವರಲ್ಲ. ಪ್ರತಿಗಳನ್ನು ಕಣ್ಣಾರೆ ನೋಡಿ ಹೋಲಿಸಿದವರು. ಅವರ ನಿರ್ಣಯವನ್ನು ನಾವು ಒಪ್ಪೆವು. ಆದರೂ ಪ್ರತಿಗಳನ್ನು ನೋಡಿಯೇ ವಾದಕ್ಕೆ ಇಳಿದ ಅವರ ನಡತೆಯು, ನೋಡದೆಯೇ ಅಂಜುವ ನಮ್ಮ ನಡತೆಗಿಂತ ಮೇಲೆಂದು ಹೇಳದೆ ಇರಲಾರೆವು.

ಇನ್ನು ಆ ಸಹೋದರಿಯರ ಸಂಗತಿ. ಆಗ್ನೆಸ್ ಮತ್ತು ಮಾರ್ಗರೆಟ್ ಸ್ಮಿತ್ ಎಂಬ ಅವಳಿಗಳು 1843ರಲ್ಲಿ ಸ್ಕಾಟ್‌ಲೆಂಡಿನ ಅರ್ವಿನ್ ಎಂಬ ಊರಿನಲ್ಲಿ ಹುಟ್ಟಿದರು. ಹೆತ್ತ ಸ್ವಲ್ಪ ಕಾಲಕ್ಕೇ ತಾಯಿಯು ತೀರಿಹೋದಳು. ವಕೀಲರಾಗಿದ್ದ ತಂದೆಯು ಮಕ್ಕಳನ್ನು ಗಂಡುಮಕ್ಕಳಂತೆಯೇ ಓದಿಸಿ, ಯಾವ ದೇಶದ ಭಾಷೆಯನ್ನು ಕಲಿಯುವಿರೋ ಆ ದೇಶಕ್ಕೆ ನಿಮ್ಮನ್ನು ಕರೆದುಕೊಂಡು ಹೋಗುವೆನೆಂದು ಮಾತುಕೊಟ್ಟನು. ಹೆಣ್ಣುಮಕ್ಕಳಿಗೆ ಚಿನ್ನವನ್ನು ಕೂಡಿಡುವ ನಮ್ಮ ತಂದೆಯಂದಿರು ಈ ಮಾತನ್ನು ಸ್ವಲ್ಪ ಆಲೋಚಿಸಬೇಕು. ಮಕ್ಕಳು ಒಂದಾದ ಮೇಲೊಂದರಂತೆ ಯೂರೋಪಿನ ಭಾಷೆಗಳನ್ನು ಕಲಿತರು; ಮುಂದೆ ಗ್ರೀಕ್, ಇಬ್ರಿಯ, ಅರಬ್ಬಿ ಭಾಷೆಗಳನ್ನೂ ಸಾಧಿಸಿದರು. ಇಬ್ಬರೂ ನಡುವಯಸ್ಸಿನಲ್ಲಿ ಮದುವೆಯಾಗಿ ಕೆಲವೇ ವರ್ಷಗಳಲ್ಲಿ ವಿಧವೆಯರಾದರು. ಮಾರ್ಗರೆಟ್ ಗಿಬ್ಸನ್ನಳ ಗಂಡನು 1886ರಲ್ಲಿಯೂ ಆಗ್ನೆಸ್ ಲೂಯಿಸಳ ಗಂಡನು 1891ರಲ್ಲಿಯೂ ತೀರಿಕೊಂಡರು.

ನಮ್ಮಲ್ಲಿಯಾದರೆ ಇಂಥ ದುಃಖದಲ್ಲಿರುವವಳಿಗೆ ಮನೆಯ ಮೂಲೆಯನ್ನು ತೋರಿಸುತ್ತಿದ್ದರು. ಆಗ್ನೆಸಳು ಸುರಿಯ ಭಾಷೆಯನ್ನು ಕಲಿಯಲಾರಂಭಿಸಿದಳು! ಯೇಸುಸ್ವಾಮಿಯವರು ಆಡಿದ ಅರಾಮ್ಯ ಭಾಷೆಗೆ ಇದು ಹತ್ತಿರದ ನಂಟು. ಸೀನಾಯಿ ಮಠದ ಒಂದು ಕತ್ತಲೆಯ ಕೋಣೆಯಲ್ಲಿ ಸುರಿಯ ಭಾಷೆಯ ಹಳೆಯ ಪ್ರತಿಗಳಿವೆಯೆಂದು ರೆಂಡಲ್ ಹ್ಯಾರಿಸ್ ಎಂಬ ವಿದ್ವಾಂಸರು ಹೇಳಿದ್ದರು. ಛಾಯಾಚಿತ್ರ ತೆಗೆಯುವುದನ್ನೂ ಅವರೇ ಕಲಿಸಿಕೊಟ್ಟರು. 1892ರಲ್ಲಿ ಸಹೋದರಿಯರು ಒಂಟೆಗಳ ಮೇಲೆ ಮರಳುಗಾಡನ್ನು ದಾಟಿ ಮಠವನ್ನು ಸೇರಿದರು. ಸನ್ಯಾಸಿಗಳೊಡನೆ ಅವರದೇ ಗ್ರೀಕ್ ಭಾಷೆಯಲ್ಲಿ ಮಾತನಾಡಬಲ್ಲವರಾದ್ದರಿಂದ ಅಲ್ಲಿ ವಿಶ್ವಾಸವನ್ನು ಗಳಿಸಿಕೊಂಡರು. ಅವರಿಗೆ ವಿಶ್ವವಿದ್ಯಾಲಯದ ಪದವಿಯಿರಲಿಲ್ಲ, ಅಧಿಕಾರವಿರಲಿಲ್ಲ. ಪೆಟ್ಟಿಗೆಗಳ ಬೀಗವನ್ನು ತೆಗೆಸಿದ್ದು ನಾಲಗೆಯ ಮೇಲಿದ್ದ ಭಾಷೆ.

ಅಲ್ಲಿ ಆಗ್ನೆಸಳ ಕೈಗೆ ಮಾಸಿದ ತೊಗಲಿನ ಒಂದು ಪುಸ್ತಕವು ಬಂದಿತು. ಹಾಳೆಗಳು ಒಂದಕ್ಕೊಂದು ಅಂಟಿಕೊಂಡಿದ್ದುವು. ನೀರು ಕಾಯಿಸುವ ಕೆಟಲಿನ ಹಬೆಯನ್ನು ಹಿಡಿದು ಕೆಲವನ್ನು ಬಿಡಿಸಬೇಕಾಯಿತು. ಮೇಲಿನ ಬರೆಹವು ಪುಣ್ಯಸ್ತ್ರೀಯರ ಚರಿತ್ರೆಗಳು. ತೊಗಲು ದುಬಾರಿಯಾದ ಆ ಕಾಲದಲ್ಲಿ ಹಳೆಯ ಪುಸ್ತಕದ ಅಕ್ಷರಗಳನ್ನು ಕೆರೆದು ಅದರ ಮೇಲೆಯೇ ಹೊಸದನ್ನು ಬರೆಯುವ ವಾಡಿಕೆಯಿತ್ತು. ಸಾವಿರದ ಇನ್ನೂರು ವರ್ಷಗಳಿಗೂ ಹಿಂದೆ ಒಬ್ಬ ಸನ್ಯಾಸಿಯು ಮಾಡಿದ್ದೂ ಅದನ್ನೇ. ಕೆಳಗಿನ ಮಸುಕಾದ ಅಕ್ಷರಗಳು ಸುವಾರ್ತೆಗಳವೆಂಬುದನ್ನು ಆಕೆಯು ಕಂಡುಕೊಂಡಳು. ಪುಟಗಳ ಚಿತ್ರಗಳನ್ನು ತೆಗೆದು ಕೇಂಬ್ರಿಜಿಗೆ ತಂದಳು. ಅಲ್ಲಿ ಬರ್ಕಿಟ್ ಮತ್ತು ಬೆನ್ಸ್ಲಿ ಎಂಬ ವಿದ್ವಾಂಸರು ಪರೀಕ್ಷಿಸಿ, 1858ರಲ್ಲಿ ಕ್ಯೂರ್ಟನ್ ಎಂಬವರು ಪ್ರಕಟಿಸಿದ್ದ ಹಳೆಯ ಸುರಿಯ ಭಾಷಾಂತರಕ್ಕೆ ಇದು ಸಮೀಪವಾದದ್ದೆಂದು ತಿಳಿದರು. 1893ರಲ್ಲಿ ಎಲ್ಲರೂ ಕೂಡಿ ಮಠಕ್ಕೆ ಹೋಗಿ ಅಕ್ಷರ ಅಕ್ಷರವಾಗಿ ನಕಲುಮಾಡಿಕೊಂಡರು. 1894ರಲ್ಲಿ ಗ್ರಂಥವು ಅಚ್ಚಾಯಿತು. ಆಗ್ನೆಸಳು ಅಷ್ಟಕ್ಕೆ ತೃಪ್ತಳಾಗದೆ ಬಿಟ್ಟುಹೋದ ಭಾಗಗಳಿಗಾಗಿ 1895ರಲ್ಲಿ ಪುನಃ ಹೋದಳು. 1910ರಲ್ಲಿ ತನ್ನದೇ ಸಂಪೂರ್ಣ ಆವೃತ್ತಿಯನ್ನು ಹೊರತಂದಳು.

ಈ ಪ್ರತಿಯು ನಾಲ್ಕನೆಯ ಇಲ್ಲವೆ ಐದನೆಯ ಶತಮಾನದ್ದು. ಇದರಲ್ಲಿಯೂ ಮಾರ್ಕನ ಸುವಾರ್ತೆಯು ಎಂಟನೆಯ ವಚನಕ್ಕೇ ಮುಗಿಯುತ್ತದೆ. ವ್ಯಭಿಚಾರದಲ್ಲಿ ಹಿಡಿಯಲ್ಪಟ್ಟ ಸ್ತ್ರೀಯ ವೃತ್ತಾಂತವು ಯೋಹಾನನಲ್ಲಿ ಇಲ್ಲ. ಮತ್ತಾಯನ ವಂಶಾವಳಿಯಲ್ಲಿ ಯೋಸೇಫನು ಯೇಸುವನ್ನು ಪಡೆದನೆಂಬ ಅರ್ಥದ ಮಾತು ಇದ್ದು, ಬಹಳ ಚರ್ಚೆಗೆ ಎಡೆಯಾಯಿತು. ಆದರೆ ಅದೇ ವಾಕ್ಯದಲ್ಲಿ ಮರಿಯಳನ್ನು ಕನ್ಯೆಯೆಂದು ಕರೆದಿದೆ, ಮುಂದೆ ಪವಿತ್ರಾತ್ಮನಿಂದಾದ ಗರ್ಭದ ಮಾತೂ ಇದ್ದೇ ಇದೆ. ಇಂಥ ಪುಟಗಳನ್ನು ಕಂಡ ಪ್ರೆಸ್ಬಿಟೇರಿಯನ್ ಭಕ್ತೆಯು ಏನು ಮಾಡಿದಳು? ಮುಚ್ಚಿಡಲಿಲ್ಲ. ಸಾಮಾನ್ಯ ಜನರೂ ಓದಲೆಂದು 1894ರಲ್ಲಿಯೇ ಇಂಗ್ಲಿಷಿಗೆ ಭಾಷಾಂತರಿಸಿ ಪ್ರಕಟಿಸಿದಳು. ಆಕೆಯ ವಿಶ್ವಾಸವು ಸಡಿಲವಾಗಲಿಲ್ಲ. ಸಹೋದರಿಯರು ತಮ್ಮ ಸಭೆಯ ಬೋಧಕರನ್ನು ತರಬೇತು ಮಾಡುವ ವೆಸ್ಟ್‌ಮಿನ್‌ಸ್ಟರ್ ಕಾಲೇಜಿಗೆ ಕೇಂಬ್ರಿಜಿನಲ್ಲಿ ನಿವೇಶನವನ್ನು ಕೊಟ್ಟು ಕಟ್ಟಡಕ್ಕೂ ಹಣವನ್ನಿತ್ತರು. ಅದು 1899ರಲ್ಲಿ ತೆರೆಯಲ್ಪಟ್ಟಿತು.

ಹಾಲೆ, ಸಂತ ಆಂಡ್ರೂಸ್, ಹೈಡೆಲ್‌ಬರ್ಗ್, ಡಬ್ಲಿನ್ ವಿಶ್ವವಿದ್ಯಾಲಯಗಳು ಆಗ್ನೆಸಳಿಗೆ ಗೌರವಪದವಿಗಳನ್ನು ಕೊಟ್ಟುವು. ಅವರು ಮನೆಮಾಡಿಕೊಂಡಿದ್ದ ಕೇಂಬ್ರಿಜು ಮಾತ್ರ ಹೆಂಗಸರಿಗೆ ಪೂರ್ಣ ಪದವಿಯನ್ನು ಕೊಡಲು ತೊಡಗಿದ್ದು 1948ರಲ್ಲಿ. ಅಷ್ಟರಲ್ಲಿ ಮಾರ್ಗರೆಟಳು ತೀರಿ 28 ವರ್ಷವೂ ಆಗ್ನೆಸಳು ತೀರಿ 22 ವರ್ಷವೂ ಕಳೆದಿದ್ದುವು.

ಹಳೆಯ ಪ್ರತಿಗಳನ್ನು ಹೋಲಿಸಿ ಶುದ್ಧಪಾಠವನ್ನು ಹುಡುಕುವ ಈ ಕೆಲಸವು ಕನ್ನಡಿಗರಿಗೆ ಅಪರಿಚಿತವೆನ್ನಲಾಗದು. ಬಾಸೆಲ್ ಮಿಶನಿನ ಕಿಟ್ಟೆಲರು 1872ರಲ್ಲಿ ಮಂಗಳೂರಿನಲ್ಲಿ ಶಬ್ದಮಣಿದರ್ಪಣವನ್ನು ಅಚ್ಚುಹಾಕಿಸಿದಾಗ ಪಾಠಭೇದಗಳನ್ನು ತೂಗಿ ನೋಡಿಯೇ ಮುಂದುವರಿದರು. ಕೇಶಿರಾಜನಿಗೆ ಸಲ್ಲುವ ಶ್ರದ್ಧೆಯು ಮಾರ್ಕನಿಗೆ ಸಲ್ಲಬಾರದೇಕೆ?

ಇಂದಿನ ಅನೇಕ ಭಾಷಾಂತರಗಳಲ್ಲಿ ಮಾರ್ಕನ ಕಡೆಯ ವಚನಗಳ ವಿಷಯವು ಅಡಿಟಿಪ್ಪಣಿಯಾಗಿ ಅಚ್ಚಾಗಿದೆ. ನಮ್ಮ ಹುಡುಗಿಯರು ಅದನ್ನು ಇಂದಲ್ಲದಿದ್ದರೆ ನಾಳೆ ಓದಿಯೇ ಓದುವರು. ಶಾಲೆಯಲ್ಲಿ, ಪ್ರೀತಿಯುಳ್ಳ ಉಪಾಧ್ಯಾಯಿನಿಯ ಬಾಯಿಂದ ಕೇಳುವುದು ಲೇಸೋ, ಹಂಗಿಸಬೇಕೆಂದೇ ಬರುವವನ ಬಾಯಿಂದ ಕೇಳುವುದು ಲೇಸೋ, ಹೆತ್ತವರೇ ಹೇಳಲಿ. ಹತ್ತನೆಯ ತರಗತಿಯ ಸತ್ಯವೇದ ಪಾಠದಲ್ಲಿ ಹಸ್ತಪ್ರತಿಗಳ ಚರಿತ್ರೆಗೆ ವರ್ಷಕ್ಕೆ ನಾಲ್ಕು ಗಂಟೆಗಳನ್ನಾದರೂ ಮೀಸಲಿಡಬೇಕೆಂದು ಶಾಲೆಯ ಆಡಳಿತದವರಲ್ಲಿ ಬಿನ್ನವಿಸುತ್ತೇವೆ. ಗ್ರೀಕ್ ಅಥವಾ ಇಬ್ರಿಯ ಭಾಷೆಯನ್ನು ಕಲಿತಿರುವ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ಇದ್ದರೆ, ಮೊದಲನೆಯ ಗಂಟೆಯ ಪಾಠವನ್ನು ಅವರೇ ಬಂದು ನಡೆಸಿಕೊಡಲಿ.