ದೀಪವಿಲ್ಲದ ಮನೆಗಳ ಮೇಲೆ ವಿದ್ಯುತ್ ತಂತಿ

ಇಂಧನ ಕಂಪೆನಿಗಳ ನಕ್ಷೆಯಲ್ಲಿ ಮರುಭೂಮಿ ಎಂದರೆ ಖಾಲಿ ಜಾಗ. ಕಲ್ಲಿದ್ದಲು, ಯುರೇನಿಯಂ, ತೈಲ, ಕೊಳವೆ ಮಾರ್ಗ ಎಲ್ಲವೂ ಅದರಲ್ಲಿವೆ. ಮನುಷ್ಯರು ಮಾತ್ರ ಇಲ್ಲ. ಅಮೆರಿಕದ ಅರಿಝೋನಾ, ನ್ಯೂ ಮೆಕ್ಸಿಕೋ, ಯೂಟಾ ರಾಜ್ಯಗಳಲ್ಲಿ ಹಬ್ಬಿರುವ ನವಾಹೊ ಮೂಲನಿವಾಸಿಗಳ ನಾಡು ಇದಕ್ಕೆ ಸಾಕ್ಷಿ.

1923ರಲ್ಲಿ ಅಲ್ಲಿ ಬುಡಕಟ್ಟು ಮಂಡಳಿ ರಚನೆಯಾದದ್ದರ ಹಿಂದೆ ಪ್ರಜಾಪ್ರಭುತ್ವದ ಪ್ರೀತಿ ಇರಲಿಲ್ಲ. ತೈಲ ಗುತ್ತಿಗೆಗೆ ಸಹಿ ಹಾಕುವವರು ಬೇಕಾಗಿದ್ದರು. ಮುಂದೆ 1944ರಿಂದ 1986ರ ತನಕ ಸುಮಾರು 3 ಕೋಟಿ ಟನ್ ಯುರೇನಿಯಂ ಅದಿರನ್ನು ಅಗೆದು ಸಾಗಿಸಲಾಯಿತು. ಆ ಜನರಿಗೆ ಉಳಿದದ್ದು 500ಕ್ಕೂ ಹೆಚ್ಚು ಪಾಳುಬಿದ್ದ ಗಣಿಗಳು. 1979ರ ಜುಲೈಯಲ್ಲಿ ಚರ್ಚ್ ರಾಕ್‌ನಲ್ಲಿ ಗಣಿ ತ್ಯಾಜ್ಯದ ಕಟ್ಟೆ ಒಡೆದು ಸುಮಾರು 35 ಕೋಟಿ ಲೀಟರ್ ವಿಕಿರಣಯುಕ್ತ ನೀರು ಪುವೆರ್ಕೊ ನದಿಗೆ ಹರಿಯಿತು. ಅದು ಕುರಿಗಳು ನೀರು ಕುಡಿಯುವ ನದಿ.

ನವಾಹೊ ಮತ್ತು ಹೋಪಿ ಜನರ ಬ್ಲ್ಯಾಕ್ ಮೇಸಾದ ಕಲ್ಲಿದ್ದಲನ್ನು ಭೂಗರ್ಭದ ಸಿಹಿನೀರಿನಲ್ಲಿ ಕಲಸಿ 440 ಕಿಲೋಮೀಟರ್ ದೂರದ ಸ್ಥಾವರಕ್ಕೆ 2005ರ ತನಕ ಹರಿಸಲಾಯಿತು. ಅದೇ ಬ್ಲ್ಯಾಕ್ ಮೇಸಾದ ಕಲ್ಲಿದ್ದಲು ಉರಿಸಿ 2,250 ಮೆಗಾವಾಟ್‌ನ ಇನ್ನೊಂದು ಸ್ಥಾವರವು ಕೊಲೊರಾಡೊ ನದಿಯ ನೀರನ್ನು ಫೀನಿಕ್ಸ್, ಟುಸಾನ್ ನಗರಗಳಿಗೆ ಎತ್ತಲು ವಿದ್ಯುತ್ ಕೊಟ್ಟಿತು. ಆದರೆ ಆ ತಂತಿಗಳ ಕೆಳಗಿನ ಸಾವಿರಾರು ಮನೆಗಳಿಗೆ ವಿದ್ಯುತ್ ಬರಲಿಲ್ಲ. ಕುಡಿಯುವ ನೀರನ್ನು ಅವರು ವಾಹನಗಳಲ್ಲಿ ಪೀಪಾಯಿ ತುಂಬಿಸಿ ತರಬೇಕು. ಇದನ್ನು ಅಭಿವೃದ್ಧಿ ಎನ್ನೋಣವೇ?

ಉದ್ಯೋಗ ಸಿಗಲಿಲ್ಲವೇ ಎಂದು ಕೇಳುವವರಿದ್ದಾರೆ. ಸಿಕ್ಕಿತು, ನಿಜ. 2019ರಲ್ಲಿ ಸ್ಥಾವರ ಮುಚ್ಚಿದಾಗ ಆ ಉದ್ಯೋಗವೂ ಹೋಯಿತು, ಬುಡಕಟ್ಟಿನ ಬೊಕ್ಕಸಕ್ಕೆ ಬರುತ್ತಿದ್ದ ಹಣವೂ ಹೋಯಿತು. ಕಂಪೆನಿಯ ಲೆಕ್ಕಪುಸ್ತಕ ಅಲ್ಲಿಗೆ ಮುಗಿಯಿತು. ನೆಲದ, ನೀರಿನ ಲೆಕ್ಕ ಮುಗಿದಿಲ್ಲ.

ಈಗ ಬಿಸಿಲು, ಗಾಳಿ, ನೀರಿನ ಹೆಸರಿನಲ್ಲಿ ಹೊಸ ನಕ್ಷೆಗಳು ಬರುತ್ತಿವೆ. ಶುದ್ಧ ಇಂಧನಕ್ಕೆ ನಮ್ಮ ವಿರೋಧವಿಲ್ಲ. ಕಯೆಂಟಾದಲ್ಲಿ ನವಾಹೊ ಜನರದ್ದೇ ವಿದ್ಯುತ್ ಸಂಸ್ಥೆ ಸೌರಸ್ಥಾವರ ಕಟ್ಟಿ ದಾರಿ ತೋರಿಸಿದೆ. ಆದರೆ ಬ್ಲ್ಯಾಕ್ ಮೇಸಾದಲ್ಲಿ ಜಲವಿದ್ಯುತ್ ಯೋಜನೆಗಳಿಗೆ ಹೊರಗಿನವರು ಅರ್ಜಿ ಹಾಕಿದಾಗ ಅದೇ ಜನರು ಬೇಡವೆಂದರು. 2024ರ ಫೆಬ್ರವರಿಯಲ್ಲಿ ಫೆಡರಲ್ ಇಂಧನ ಆಯೋಗವು ಆ ಅರ್ಜಿಗಳನ್ನು ತಿರಸ್ಕರಿಸಿತು. ಒಪ್ಪಿಗೆ ಎಂಬ ಮಾತಿಗೆ ಅಂದು ಬೆಲೆ ಬಂತು. ಅದಕ್ಕೆ ನೂರು ವರ್ಷ ಬೇಕಾಯಿತು.

ಕಲ್ಲಿದ್ದಲಿನ ಬದಲು ಬಿಸಿಲು ಬಂದ ಮಾತ್ರಕ್ಕೆ ಅನ್ಯಾಯ ನ್ಯಾಯವಾಗುವುದಿಲ್ಲ. ನಕ್ಷೆ ಬರೆಯುವ ಕೈ ಮೊದಲು ಅಲ್ಲಿಯ ಮನೆಗಳನ್ನು, ಬಾವಿಗಳನ್ನು, ಗೋರಿಗಳನ್ನು ಗುರುತಿಸಲಿ. ಗಣಿ, ಸ್ಥಾವರ, ತಂತಿಗಳ ಮಾತು ಆಮೇಲೆ.